ಹೊಸ ಬೋಗಿ ಇಲ್ಲ, ನಾಲ್ಕು ಪಟ್ಟು ಜನ: ಯುದ್ಧಕಾಲದ ಅಮೆರಿಕದ ರೈಲುಗಳು

ಮೊದಲು ಒಂದು ಲೆಕ್ಕ ನೋಡಿ. 1940ರಲ್ಲಿ ಅಮೆರಿಕದ ರೈಲುಗಳಲ್ಲಿ ಸುಮಾರು 2,400 ಕೋಟಿ ಪ್ರಯಾಣಿಕ-ಮೈಲಿಯಷ್ಟು ಓಡಾಟ ಆಗಿತ್ತು. ಒಬ್ಬ ಮನುಷ್ಯ ಒಂದು ಮೈಲಿ ಹೋದರೆ ಅದು ಒಂದು ಪ್ರಯಾಣಿಕ-ಮೈಲಿ. ಎರಡನೇ ಮಹಾಯುದ್ಧದ ನಡುವೆ, 1944ಕ್ಕೆ, ಅದು 9,500 ಕೋಟಿ ದಾಟಿತು. ನಾಲ್ಕು ವರ್ಷದಲ್ಲಿ ನಾಲ್ಕು ಪಟ್ಟು! ಗೂಡ್ಸ್ ಸಾಗಣೆಯೂ ಹತ್ತಿರಹತ್ತಿರ ಎರಡು ಪಟ್ಟಾಯಿತು. ಆದರೆ ಜನರಿಗಾಗಿ ಹೊಸ ಬೋಗಿ ಕಟ್ಟುವ ಕೆಲಸ 1942ರಲ್ಲೇ ಹೆಚ್ಚುಕಡಿಮೆ ನಿಂತುಹೋಗಿತ್ತು, ಯಾಕಂದ್ರೆ ಉಕ್ಕೆಲ್ಲ ಟ್ಯಾಂಕಿಗೆ, ಹಡಗಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಇದ್ದದ್ದಕ್ಕಿಂತ ಇಂಜಿನ್‌ಗಳು ಸುಮಾರು ಮೂರನೇ ಒಂದು ಭಾಗ ಕಮ್ಮಿ ಇದ್ದವು. ಬೋಗಿ, ವ್ಯಾಗನ್‌ಗಳೂ ಕಮ್ಮಿ. ಮತ್ತೆ ಇಷ್ಟು ಜನ ಹೋದದ್ದು ಹೇಗೆ?

ಖಾಲಿ ಜಾಗ ಇತ್ತು, ಅದು ತುಂಬಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲವರ ಕೈಯಲ್ಲಿ ದುಡ್ಡಿರಲಿಲ್ಲ, ದುಡ್ಡಿದ್ದವರು ಕಾರು ಹತ್ತಿದ್ದರು. ರೈಲುಗಳು ಎಷ್ಟೋ ಸೀಟು ಖಾಲಿ ಬಿಟ್ಟುಕೊಂಡು ಓಡುತ್ತಿದ್ದವು. ಯುದ್ಧ ಬಂದಾಗ ಮೊದಲು ಆ ಸೀಟುಗಳು ತುಂಬಿದವು, ಆಮೇಲೆ ಸೀಟುಗಳ ನಡುವಿನ ದಾರಿ, ಆಮೇಲೆ ಬಾಗಿಲ ಪಕ್ಕ, ಎರಡು ಬೋಗಿ ಸೇರುವ ಕಡೆ, ಕೊನೆಗೆ ಜನ ತಮ್ಮ ತಮ್ಮ ಸೂಟ್‌ಕೇಸಿನ ಮೇಲೆ ಕೂತು ರಾತ್ರಿಯೆಲ್ಲ ಕಳೆದರು. ಯುದ್ಧದ ರೈಲ್ವೆ ಅಂದ ಕೂಡಲೇ ನಾವು ಇಂಜಿನ್, ಉಕ್ಕು, ವೇಳಾಪಟ್ಟಿ ಅಂತ ಯೋಚಿಸುತ್ತೇವೆ. ನನ್ನ ಪ್ರಕಾರ ಆ ಹೆಚ್ಚುವರಿ ಭಾರವನ್ನು ಹೊತ್ತದ್ದು ಮುಖ್ಯವಾಗಿ ಮನುಷ್ಯರ ಬೆನ್ನು. ಕೂರುವ ಜಾಗದಲ್ಲಿ ನಿಂತವರು, ಒಬ್ಬರು ಮಲಗುವ ಕಡೆ ಇಬ್ಬರಾಗಿ ಮಲಗಿದವರು, ಬಿಡುವಿಲ್ಲದೆ ದುಡಿದ ನೌಕರರು.

ಜನ ರೈಲಿಗೆ ಯಾಕೆ ನುಗ್ಗಿದರು ಅನ್ನುವುದಕ್ಕೆ ಸೈನ್ಯ ಒಂದೇ ಕಾರಣ ಅಲ್ಲ. ದೊಡ್ಡ ಕಾರಣ ರಬ್ಬರ್. 1942ರ ಮೊದಲ ತಿಂಗಳುಗಳಲ್ಲಿ ಜಪಾನ್ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಹಿಡಿದುಕೊಂಡಿತು. ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನಲ್ಲಿ ಸುಮಾರು ಶೇಕಡ 90 ಭಾಗ ಅಲ್ಲಿಂದಲೇ ಬರುತ್ತಿತ್ತು. ಕಾರು ಇದೆ, ಟೈರು ಸವೆದರೆ ಬೇರೆ ಸಿಗೋದಿಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲು, 1942ರ ಜನವರಿಯಲ್ಲೇ, ಟೈರಿಗೆ ರೇಷನ್ ಬಂತು. ಆ ವರ್ಷದ ಡಿಸೆಂಬರ್ 1ರಿಂದ ದೇಶದಾದ್ಯಂತ ಪೆಟ್ರೋಲಿಗೂ ರೇಷನ್. ಪೆಟ್ರೋಲ್ ಇಲ್ಲ ಅಂತ ಅಲ್ಲ, ಪೆಟ್ರೋಲ್ ಕೊಟ್ಟರೆ ಜನ ಕಾರು ಓಡಿಸುತ್ತಾರೆ, ಓಡಿಸಿದರೆ ಟೈರು ಸವೆಯುತ್ತದೆ, ಅದಕ್ಕೆ! ಸಾಮಾನ್ಯ ಕುಟುಂಬಕ್ಕೆ ವಾರಕ್ಕೆ ಮೂರು ನಾಲ್ಕು ಗ್ಯಾಲನ್, ಅಂದರೆ ಹನ್ನೊಂದರಿಂದ ಹದಿನೈದು ಲೀಟರ್. ವೇಗದ ಮಿತಿ ಗಂಟೆಗೆ 35 ಮೈಲಿ. ವಿಮಾನ ಆಗಿನ್ನೂ ಸಣ್ಣ ವ್ಯವಸ್ಥೆ, ಅದರಲ್ಲೂ ಎಷ್ಟೋ ವಿಮಾನಗಳು ಸೈನ್ಯಕ್ಕೆ ಹೋದವು. ದೂರದ ಊರಿಗೆ ಹೋಗಬೇಕಾದವರಿಗೆ ಉಳಿದದ್ದು ಬಸ್ಸು ಮತ್ತು ರೈಲು.

ಅದರ ಜೊತೆ ಸಮುದ್ರದ ಕಷ್ಟ. ಟೆಕ್ಸಸ್ ಕಡೆಯ ಎಣ್ಣೆ ನ್ಯೂಯಾರ್ಕ್ ಭಾಗಕ್ಕೆ ಹೋಗುತ್ತಿದ್ದದ್ದು ಬಹುಪಾಲು ಹಡಗಿನಲ್ಲಿ. 1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಕರಾವಳಿಯ ಪಕ್ಕದಲ್ಲೇ ಎಣ್ಣೆ ಹಡಗುಗಳನ್ನು ಮುಳುಗಿಸತೊಡಗಿದವು. ಆ ಎಣ್ಣೆ ರೈಲಿಗೆ ಬಂತು. 1943ರಲ್ಲಿ ಟ್ಯಾಂಕ್ ವ್ಯಾಗನ್‌ಗಳು ದಿನಕ್ಕೆ ಹತ್ತಿರಹತ್ತಿರ 10 ಲಕ್ಷ ಬ್ಯಾರೆಲ್ ಎಣ್ಣೆ ಸಾಗಿಸುವ ಮಟ್ಟ ಮುಟ್ಟಿದ್ದವು. ಅದೇ ವರ್ಷ ಟೆಕ್ಸಸ್‌ನಿಂದ ಪೂರ್ವಕ್ಕೆ ದೊಡ್ಡ ಪೈಪ್‌ಲೈನ್ ಮುಗಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಒಂದು ಲೈನಿನ ಮೇಲೆ ಎಣ್ಣೆ ರೈಲು ಸಾಲಾಗಿ ಹೋಗುತ್ತಿದ್ದರೆ ಪ್ಯಾಸೆಂಜರ್ ರೈಲಿಗೆ ದಾರಿ ಎಲ್ಲಿ? ತಡ ಆಗುವುದು ಮಾಮೂಲಾಯಿತು.

ಇಲ್ಲಿ 1917ರ ಕಥೆ ಹೇಳಲೇಬೇಕು, ಯಾಕಂದ್ರೆ ಎರಡನೇ ಯುದ್ಧದಲ್ಲಿ ಮಾಡಿದ ಎಷ್ಟೋ ಕೆಲಸ ಆ ಅನುಭವದಿಂದ ಕಲಿತದ್ದು. ಮೊದಲ ಮಹಾಯುದ್ಧದಲ್ಲಿ ಎಲ್ಲ ಕಡೆಯಿಂದ ಸರಕು ತುಂಬಿಸಿ ಪೂರ್ವದ ಬಂದರುಗಳಿಗೆ ಕಳಿಸಿದರು. ಅಲ್ಲಿ ಹಡಗು ಇರಲಿಲ್ಲ. ವ್ಯಾಗನ್ ಇಳಿಸುವವರಿಲ್ಲ, ಇಳಿಸಿದರೆ ಇಡಲು ಜಾಗವಿಲ್ಲ. ವ್ಯಾಗನ್‌ಗಳೇ ಗೋದಾಮು ಆಗಿಬಿಟ್ಟವು. ಯಾರ್ಡ್ ತುಂಬಿತು, ಅದರ ಹಿಂದಿನ ಯಾರ್ಡ್ ತುಂಬಿತು, ಪಶ್ಚಿಮದಲ್ಲಿ ಸರಕು ತುಂಬಿಸಲು ವ್ಯಾಗನ್ ಇಲ್ಲದ ಸ್ಥಿತಿ ಬಂತು. 1917ರ ಡಿಸೆಂಬರ್ ಕೊನೆಯಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ರೈಲ್ವೆಯನ್ನೇ ಸರ್ಕಾರದ ಕೈಗೆ ತೆಗೆದುಕೊಂಡರು.

ಎರಡನೇ ಸಲ ಹಾಗೆ ಆಗಬಾರದು ಅಂತ 1941ರ ಡಿಸೆಂಬರ್‌ನಲ್ಲಿ, ಅಮೆರಿಕವನ್ನು ಯುದ್ಧಕ್ಕೆ ಎಳೆದ ಜಪಾನಿನ ಪರ್ಲ್ ಹಾರ್ಬರ್ ದಾಳಿ ಆಗಿ ಹನ್ನೊಂದು ದಿನಕ್ಕೆ, ರಕ್ಷಣಾ ಸಾರಿಗೆ ಕಚೇರಿ ಹುಟ್ಟಿತು. ಮುಖ್ಯಸ್ಥ ಜೋಸೆಫ್ ಈಸ್ಟ್‌ಮನ್. ರೈಲ್ವೆ ಕಂಪನಿಗಳು ಖಾಸಗಿಯಾಗಿಯೇ ಉಳಿದವು, ಸಂಚಾರದ ನಿಯಮ ಮಾತ್ರ ಕಚೇರಿಯದ್ದು. ಬಂದರಿನಲ್ಲಿ ಹಡಗಿನ ಜಾಗ ಗೊತ್ತಾಗದೆ ಸರಕಿನ ವ್ಯಾಗನ್ ಹೊರಡುವಂತಿಲ್ಲ ಅನ್ನುವ ಪರವಾನಗಿ ಪದ್ಧತಿ ಬಂತು. ಚಿಲ್ಲರೆ ಸರಕಿನ ವ್ಯಾಗನ್‌ನಲ್ಲಿ ಕನಿಷ್ಠ 6 ಟನ್ ಇರಬೇಕು, ಆಮೇಲೆ 8, ಆಮೇಲೆ 10 ಅಂತ ಮಿತಿ ಏರಿಸುತ್ತಾ ಹೋದರು. ಈ ನಿಯಮಗಳು ಓದಲು ಒಣಒಣ ಅನ್ನಿಸುತ್ತವೆ, ಗೊತ್ತು. ಆದರೆ ಅರ್ಧ ತುಂಬಿದ ವ್ಯಾಗನ್ ಓಡಿಸುವುದನ್ನು ನಿಲ್ಲಿಸಿದ್ದೇ ಹೊಸ ವ್ಯಾಗನ್ ಕಟ್ಟಿದಷ್ಟು ಲಾಭ ಕೊಟ್ಟಿತು.

ಇನ್ನು ಸೈನಿಕರ ರೈಲು. ಒಂದು ತುಕಡಿ ಒಂದು ಶಿಬಿರದಿಂದ ಇನ್ನೊಂದಕ್ಕೆ ಹೋಗಬೇಕು ಅಂದುಕೊಳ್ಳಿ. ಸಣ್ಣ ಗುಂಪಾದರೆ ಸ್ಥಳೀಯವಾಗಿಯೇ ಟಿಕೆಟ್ ವ್ಯವಸ್ಥೆ ಆಗುತ್ತಿತ್ತು. ದೊಡ್ಡ ಗುಂಪಾದರೆ ವಾಷಿಂಗ್ಟನ್‌ನಲ್ಲಿ ಸೈನ್ಯದ ಸಾರಿಗೆ ವಿಭಾಗ ದಾರಿ ಗೊತ್ತುಮಾಡುತ್ತಿತ್ತು. ಅದೇ ಊರಿನಲ್ಲಿ ಕೂತಿದ್ದ ರೈಲ್ವೆ ಕಂಪನಿಗಳ ಸಂಘದ ಸಿಬ್ಬಂದಿ ಬೋಗಿ ಎಲ್ಲೆಲ್ಲಿವೆ ಅಂತ ಹುಡುಕಿ ಕೂಡಿಸುತ್ತಿದ್ದರು. ಪ್ರತಿ ಪ್ರಯಾಣಕ್ಕೂ ಒಂದು ಗುಪ್ತ ಸಂಖ್ಯೆ. ಒಳಗೆ ಕೂತ ಹುಡುಗರಿಗೆ ಎಷ್ಟೋ ಸಲ ತಾವು ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದೇ ಗೊತ್ತಿರುತ್ತಿರಲಿಲ್ಲ, ಕಿಟಕಿಯಲ್ಲಿ ಕಾಣುವ ಸ್ಟೇಷನ್ ಹೆಸರು ನೋಡಿ ಊಹಿಸುತ್ತಿದ್ದರು. ಪರ್ಲ್ ಹಾರ್ಬರ್ ದಾಳಿಯಿಂದ 1945ರ ಆಗಸ್ಟ್‌ವರೆಗೆ ಹೀಗೆ ಗುಂಪಾಗಿ ಹೋದ ಸೈನಿಕರ ಲೆಕ್ಕ 4 ಕೋಟಿ 37 ಲಕ್ಷ. ಅಷ್ಟು ಸೈನಿಕರು ಇದ್ದರು ಅಂತ ಅಲ್ಲ, ಒಬ್ಬನೇ ಸೈನಿಕ ತರಬೇತಿಯಿಂದ ಬಂದರಿನವರೆಗೆ ಹಲವು ಸಲ ರೈಲು ಹತ್ತುತ್ತಿದ್ದ. ವಿಶೇಷ ಸೈನಿಕ ರೈಲುಗಳು 1,13,000ಕ್ಕಿಂತ ಜಾಸ್ತಿ. ದೇಶದೊಳಗೆ ಗುಂಪಾಗಿ ಸಾಗಿದ ಸೈನಿಕರಲ್ಲಿ ನೂರಕ್ಕೆ 97 ಮಂದಿ ಹೋದದ್ದು ರೈಲಿನಲ್ಲಿ.

ಮಲಗುವ ವ್ಯವಸ್ಥೆ ಕುತೂಹಲದ್ದು. ಅಮೆರಿಕದಲ್ಲಿ ಸ್ಲೀಪರ್ ಬೋಗಿಗಳನ್ನು ನಡೆಸುತ್ತಿದ್ದದ್ದು ಪುಲ್‌ಮನ್ ಅನ್ನುವ ಪ್ರತ್ಯೇಕ ಕಂಪನಿ. ಬೋಗಿ ಅದರದ್ದು, ಒಳಗೆ ಹಾಸಿಗೆ ಹಾಸಿ ಪ್ರಯಾಣಿಕರನ್ನು ನೋಡಿಕೊಳ್ಳುವ ಪೋರ್ಟರ್ ಕೂಡ ಅದರ ನೌಕರ, ಎಳೆಯುವ ಇಂಜಿನ್ ಮಾತ್ರ ರೈಲ್ವೆಯದ್ದು. ಯುದ್ಧದಲ್ಲಿ ಅದರ ಬೋಗಿಗಳಲ್ಲಿ ದೊಡ್ಡ ಪಾಲು ಸೈನ್ಯಕ್ಕೆ ಹೋಯಿತು. ಕೆಳಗಿನ ಬರ್ತಿನಲ್ಲಿ ಇಬ್ಬರು, ಮೇಲಿನದರಲ್ಲಿ ಒಬ್ಬ, ಇದು ಲೆಕ್ಕ. ಗೊತ್ತಿಲ್ಲದ ಇನ್ನೊಬ್ಬ ಹುಡುಗನ ಪಕ್ಕ ಮೂರು ನಾಲ್ಕು ರಾತ್ರಿ ಒಂದೇ ಬರ್ತಿನಲ್ಲಿ. ಅದೂ ಸಾಲದೆ 1943ರಿಂದ ಹೊಸ ಬಗೆಯ ಬೋಗಿ ಕಟ್ಟಿದರು. ನೋಡಲು ಥೇಟ್ ಗೂಡ್ಸ್ ವ್ಯಾಗನ್, ಐವತ್ತು ಅಡಿಯ ಅದೇ ಪೆಟ್ಟಿಗೆಯ ವಿನ್ಯಾಸ, ಅದಕ್ಕೇ ಕಿಟಕಿ ಇಟ್ಟು ಒಳಗೆ ಮೂರು ಅಂತಸ್ತಿನ ಮಂಚ ಹಾಕಿದ್ದರು. 29 ಸೈನಿಕರು, ಒಬ್ಬ ಪೋರ್ಟರ್. ಇಂಥ 2,400 ಬೋಗಿ, ಜೊತೆಗೆ 440 ಅಡುಗೆ ಬೋಗಿ ಬಂದವು. ಜನರಿಗೆ ಹೊಸ ಬೋಗಿ ಇರಲಿಲ್ಲ ಅಂದೆನಲ್ಲ, ಸೈನಿಕರಿಗೆ ಸಿಕ್ಕ ಹೊಸದು ಇದು.

ಜನಸಾಮಾನ್ಯರಿಗೆ ಟಿಕೆಟ್ ರೇಷನ್ ಇತ್ತಾ? ಇರಲಿಲ್ಲ. ಸಕ್ಕರೆ, ಮಾಂಸ, ಶೂ, ಪೆಟ್ರೋಲ್ ಎಲ್ಲಕ್ಕೂ ಕೂಪನ್ ಇದ್ದ ದೇಶದಲ್ಲಿ ರೈಲು ಟಿಕೆಟ್ ಮಾತ್ರ ದುಡ್ಡು ಕೊಟ್ಟವರಿಗೆ ಸಿಗುತ್ತಿತ್ತು, ಸೀಟಿನ ಗ್ಯಾರಂಟಿ ಇಲ್ಲ ಅಷ್ಟೇ. ಸರ್ಕಾರ ಕೇಳಿಕೊಂಡಿತು. ನಿಮ್ಮ ಪ್ರಯಾಣ ನಿಜವಾಗಿಯೂ ಬೇಕಾ ಅಂತ ಕೇಳುವ ಪೋಸ್ಟರ್‌ಗಳು ಸ್ಟೇಷನ್ ಸ್ಟೇಷನ್‌ನಲ್ಲಿ ಅಂಟಿಕೊಂಡವು. 1942ರ ಕೊನೆಯಲ್ಲಿ ನ್ಯೂ ಹೇವನ್ ರೈಲ್ವೆ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಕೊಟ್ಟಿತು. ಸೈನಿಕ ರೈಲಿನ ಮೇಲಿನ ಬರ್ತಿನಲ್ಲಿ ನಿದ್ದೆ ಬರದೆ ಮಲಗಿರುವ ಒಬ್ಬ ಹುಡುಗನ ಚಿತ್ರ. ನಿಮಗೆ ಸೀಟು ಸಿಗದಿದ್ದರೆ ಅದು ಇವನಿಗೆ ಸಿಕ್ಕಿದೆ ಅನ್ನುವ ವಿವರಣೆ. ದೂರು ಹೇಳುವ ಪ್ರಯಾಣಿಕರಿಗಾಗಿ ಬರೆಸಿದ ಆ ಜಾಹೀರಾತು ದೇಶಕ್ಕೆಲ್ಲ ಹರಡಿತು.

ಕಟ್ಟುನಿಟ್ಟು ಬಂದದ್ದು ನಿಧಾನಕ್ಕೆ. ಬೇಸ್‌ಬಾಲ್ ತಂಡಗಳು ಪ್ರತಿ ವರ್ಷ ಚಳಿಗಾಲದ ಕೊನೆಗೆ ಬೆಚ್ಚಗಿನ ಫ್ಲೋರಿಡಾ, ಕ್ಯಾಲಿಫೋರ್ನಿಯಾಗೆ ತರಬೇತಿಗೆ ಹೋಗುತ್ತಿದ್ದವು. 1943ರಿಂದ ಮೂರು ವರ್ಷ ಅವರು ಉತ್ತರದ ಚಳಿಯಲ್ಲೇ ಅಭ್ಯಾಸ ಮಾಡಿದರು. 1945ರ ಫೆಬ್ರವರಿಯಿಂದ 50ಕ್ಕಿಂತ ಹೆಚ್ಚು ಜನ ಹೊರಗಿನಿಂದ ಬರುವ ಸಮ್ಮೇಳನಗಳಿಗೆ ಅನುಮತಿ ಬೇಕಾಯಿತು. ಆ ವರ್ಷದ ಬೇಸ್‌ಬಾಲ್ ಆಲ್-ಸ್ಟಾರ್ ಪಂದ್ಯವೇ ರದ್ದು.

ಆದರೂ ಜನ ಹೋಗುತ್ತಲೇ ಇದ್ದರು. ಯಾಕೆ ಅಂತ ನೋಡಿದರೆ ಸೈನಿಕರು ಬೇರೆ, ಜನರು ಬೇರೆ ಅನ್ನುವ ಗೆರೆಯೇ ಅಳಿಸಿಹೋಗುತ್ತದೆ. ಸಾಮಾನ್ಯ ರೈಲಿನಲ್ಲಿ ನಿಂತು ಹೋಗುತ್ತಿದ್ದವರಲ್ಲಿ ಎಷ್ಟೋ ಜನ ರಜೆ ಮೇಲೆ ಊರಿಗೆ ಹೊರಟ ಸೈನಿಕರೇ. ರಜೆಯ ಟಿಕೆಟ್ ಅವರದೇ ಖರ್ಚು, ಮೈಲಿಗೆ ಒಂದೂಕಾಲು ಸೆಂಟಿನ ರಿಯಾಯಿತಿ ದರದಲ್ಲಿ. ಅವರ ಪಕ್ಕದಲ್ಲಿ ಗಂಡ ಹಡಗು ಹತ್ತುವ ಮುಂಚೆ ಒಮ್ಮೆ ಮುಖ ನೋಡಬೇಕು ಅಂತ ಕೂಸನ್ನು ಎತ್ತಿಕೊಂಡು ಎರಡು ಮೂರು ದಿನದ ಪ್ರಯಾಣಕ್ಕೆ ಹೊರಟ ಹೆಂಡತಿ, ಮಗನನ್ನು ಕಳಿಸಿ ಬರುತ್ತಿರುವ ತಾಯಿ, ಹಳ್ಳಿ ಬಿಟ್ಟು ಹಡಗಿನ ಕಾರ್ಖಾನೆಗೆ ಕೆಲಸ ಹುಡುಕಿ ಹೊರಟ ಕುಟುಂಬ. ಪೋಸ್ಟರ್ ಕೇಳಿದ ಪ್ರಶ್ನೆಗೆ ಇವರೆಲ್ಲರ ಉತ್ತರವೂ ಹೌದು, ಬೇಕು ಅಂತಲೇ. ಮೋಜಿಗೆ ಹೋಗುವವರನ್ನು ತಡೆಯಬಹುದು, ಇವರನ್ನು ಹೇಗೆ ತಡೆಯೋದು? ಟಿಕೆಟ್‌ಗೆ ರೇಷನ್ ಬರದಿದ್ದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಆ ತಾಯಿಯ ಪ್ರಯಾಣ ಅಗತ್ಯವೋ ಅಲ್ಲವೋ ಅಂತ ತೀರ್ಮಾನ ಮಾಡುವ ಗುಮಾಸ್ತನ ಜಾಗದಲ್ಲಿ ಯಾರನ್ನೂ ಕೂರಿಸಬಾರದು.

ನೆಬ್ರಾಸ್ಕಾ ರಾಜ್ಯದಲ್ಲಿ ನಾರ್ತ್ ಪ್ಲಾಟ್ ಅಂತ ಒಂದು ಊರಿದೆ. ಯೂನಿಯನ್ ಪೆಸಿಫಿಕ್ ರೈಲ್ವೆಯ ಮುಖ್ಯ ಲೈನಿನ ಮೇಲೆ, ಸುತ್ತ ಹೊಲ, ಹುಲ್ಲುಗಾವಲು. ಉಗಿ ಇಂಜಿನ್‌ಗೆ ನೀರು ತುಂಬಿಸಲು, ಎಣ್ಣೆ ಬಿಡಲು ಅಲ್ಲಿ ಹತ್ತು ಹದಿನೈದು ನಿಮಿಷ ರೈಲು ನಿಲ್ಲುತ್ತಿತ್ತು. 1941ರ ಡಿಸೆಂಬರ್ 17ರಂದು ತಮ್ಮದೇ ರಾಜ್ಯದ ಹುಡುಗರ ತುಕಡಿ ಬರುತ್ತದೆ ಅಂತ ಸುದ್ದಿ ಹಬ್ಬಿ, ಊರಿನವರು ತಿಂಡಿ, ಸಿಗರೇಟು, ಉಡುಗೊರೆ ಹಿಡಿದು ಸ್ಟೇಷನ್‌ಗೆ ಬಂದರು. ಬಂದದ್ದು ಕಾನ್ಸಾಸ್ ರಾಜ್ಯದ ಅದೇ ಹೆಸರಿನ ತುಕಡಿ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ತಂದದ್ದನ್ನೆಲ್ಲ ಆ ಹುಡುಗರಿಗೇ ಕೊಟ್ಟರು. ಅಲ್ಲಿದ್ದ ರೇ ವಿಲ್ಸನ್ ಅನ್ನುವ ಯುವತಿ, ಬರುವ ಪ್ರತಿ ರೈಲಿಗೂ ಹೀಗೇ ಮಾಡೋಣ ಅಂತ ಊರಿನ ಪತ್ರಿಕೆಗೆ ಪತ್ರ ಬರೆದಳು. ಕ್ರಿಸ್ಮಸ್ ದಿನ ಕ್ಯಾಂಟೀನ್ ಶುರುವಾಯಿತು.

ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು. ದಿನಕ್ಕೆ 3,000ದಿಂದ 5,000 ಸೈನಿಕರು. ಕಾಫಿ, ಹಾಲು, ಸ್ಯಾಂಡ್‌ವಿಚ್, ಮೊಟ್ಟೆ, ಕೇಕು, ಹಣ್ಣು. ಯಾರದ್ದಾದರೂ ಹುಟ್ಟುಹಬ್ಬ ಅಂದರೆ ಇಡೀ ಕೇಕು ಅವನ ಕೈಗೆ. ಸಕ್ಕರೆ ರೇಷನ್‌ನಲ್ಲಿತ್ತು ಅನ್ನುವುದನ್ನು ನೆನಪಿಡಿ, ಆ ಕೇಕಿನ ಸಕ್ಕರೆ ಯಾರದೋ ಮನೆಯ ಪಾಲಿನದ್ದು. ಸುತ್ತಮುತ್ತಲ ಸುಮಾರು 125 ಊರುಗಳವರು ಸರದಿ ಹಾಕಿಕೊಂಡು, ತಮ್ಮ ದಿನಕ್ಕೆ ತಾವೇ ಅಡುಗೆ ಮಾಡಿಕೊಂಡು ಬಂದು ಬಡಿಸಿದರು. ಹಣ ಊರವರು ಎತ್ತಿದ ವಂತಿಗೆಯಿಂದ. 1946ರ ಏಪ್ರಿಲ್ 1ರಂದು ಕ್ಯಾಂಟೀನ್ ಮುಚ್ಚುವ ಹೊತ್ತಿಗೆ 60 ಲಕ್ಷ ಸೈನಿಕರು ಅಲ್ಲಿ ತಿಂದು ಹೋಗಿದ್ದರು ಅಂತ ಲೆಕ್ಕ. ದಾಸೋಹ ಅಂದರೆ ಇದೇ ಅಲ್ವಾ!

ಇದೇ ರೈಲುಗಳಲ್ಲಿ ಬೇರೆ ಥರದ ಪ್ರಯಾಣಗಳೂ ಆದವು, ಅದನ್ನು ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ. 1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದ ಜನರನ್ನು, ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಮನೆಯಿಂದ ಎಬ್ಬಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಿದರು. ಕಿಟಕಿಯ ಪರದೆ ಎಳೆದ ರೈಲುಗಳಲ್ಲಿ, ಬಂದೂಕಿನ ಕಾವಲಿನಲ್ಲಿ. ಕಪ್ಪು ಸೈನಿಕರಿಗೆ ದಕ್ಷಿಣದ ರಾಜ್ಯಗಳಲ್ಲಿ ಸಮವಸ್ತ್ರ ಹಾಕಿಕೊಂಡರೂ ಬೇರೆ ಬೋಗಿ, ಊಟದ ಬೋಗಿಯಲ್ಲಿ ಪರದೆಯ ಹಿಂದೆ ಜಾಗ. 1944ರಲ್ಲಿ ರೂಪರ್ಟ್ ಟ್ರಿಮ್ಮಿಂಗ್‌ಹ್ಯಾಮ್ ಅನ್ನುವ ಕಪ್ಪು ಕಾರ್ಪೊರಲ್ ಸೈನ್ಯದ ಪತ್ರಿಕೆ 'ಯಾಂಕ್'ಗೆ ಬರೆದ ಪತ್ರ ಇದನ್ನೆಲ್ಲ ಬಯಲಿಗೆ ತಂದಿತು. ಲೂಸಿಯಾನಾದಿಂದ ಅರಿಜೋನಾಗೆ ಹೊರಟಿದ್ದ ಅವನೂ ಅವನ ಜೊತೆಗಾರರೂ ಒಂದು ಸ್ಟೇಷನ್‌ನಲ್ಲಿ ಊಟ ಕೇಳಿದಾಗ ಅಡುಗೆಮನೆಗೆ ಹೋಗಿ ಅಂದರು. ಅಷ್ಟರಲ್ಲಿ ಇಬ್ಬರು ಕಾವಲಿನವರ ಜೊತೆ ಜರ್ಮನ್ ಯುದ್ಧ ಕೈದಿಗಳು ಬಂದು, ಮೇಜಿನ ಮುಂದೆ ಕೂತು, ನಗುತ್ತಾ ಊಟ ಮಾಡಿದರು. ಯಾರ ವಿರುದ್ಧ ಯುದ್ಧವೋ ಅವರಿಗೆ ಕುರ್ಚಿ, ಯುದ್ಧಕ್ಕೆ ಹೊರಟವನಿಗೆ ಹಿಂಬಾಗಿಲು. ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಬಿಳಿ ಸೈನಿಕರಿಂದಲೂ ಸಿಟ್ಟಿನ ಪತ್ರಗಳು ಆ ಪತ್ರಿಕೆಗೆ ರಾಶಿರಾಶಿ ಬಂದವು.

ರೈಲು ನಡೆಸಿದವರೂ ಬದಲಾಗಿದ್ದರು. ಗಂಡಸರು ಸೈನ್ಯಕ್ಕೆ ಹೋದ ಜಾಗಕ್ಕೆ ಹೆಂಗಸರು ಬಂದರು. ಟಿಕೆಟ್ ಕೊಡುವುದಷ್ಟೇ ಅಲ್ಲ, ಇಂಜಿನ್ ತೊಳೆಯುವುದು, ವರ್ಕ್‌ಶಾಪ್ ಕೆಲಸ, ಯಾರ್ಡ್ ಕೆಲಸ. 1945ಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಹೆಂಗಸರು ರೈಲ್ವೆಯಲ್ಲಿದ್ದರು. ಹಳಿ ರಿಪೇರಿಗೆ ಮೆಕ್ಸಿಕೊದಿಂದ ಒಪ್ಪಂದದ ಮೇಲೆ ಒಂದು ಲಕ್ಷದಷ್ಟು ಕಾರ್ಮಿಕರು ಬಂದರು.

ಇಷ್ಟು ಎಳೆದರೆ ಎಲ್ಲಾದರೂ ಹರಿಯಲೇಬೇಕು. 1943ರ ಸೆಪ್ಟೆಂಬರ್ 6, ಅಮೆರಿಕದ ಕಾರ್ಮಿಕ ದಿನದ ರಜೆ. ವಾಷಿಂಗ್ಟನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಕಾಂಗ್ರೆಷನಲ್ ಲಿಮಿಟೆಡ್ ಅನ್ನುವ ರೈಲು, 16 ಬೋಗಿ, 541 ಜನ, ಅವರಲ್ಲಿ ರಜೆ ಮುಗಿಸಿ ಹೊರಟ ಸೈನಿಕರು ತುಂಬಾ ಇದ್ದರು. ಒಂದು ಬೋಗಿಯ ಅಚ್ಚಿನ ತುದಿಯ ಬೇರಿಂಗ್ ಕಾದು ಕೆಂಪಾಯಿತು. ಆಗಿನ ಬೇರಿಂಗ್‌ಗಳಲ್ಲಿ ಎಣ್ಣೆಯಲ್ಲಿ ಅದ್ದಿದ ನೂಲಿನ ಉಂಡೆ ಇಟ್ಟಿರುತ್ತಿದ್ದರು, ಎಣ್ಣೆ ಒಣಗಿದರೆ ಲೋಹಕ್ಕೆ ಲೋಹ ಉಜ್ಜಿ ಬೆಂಕಿ ಬರುತ್ತಿತ್ತು. ಫಿಲಡೆಲ್ಫಿಯಾದ ಯಾರ್ಡ್ ಒಂದರ ಕೆಲಸಗಾರರು ಆ ಬೆಂಕಿ ನೋಡಿ ಮುಂದಿನ ಸಿಗ್ನಲ್ ಕ್ಯಾಬಿನ್‌ಗೆ ಫೋನ್ ಮಾಡಿದರು. ತಡವಾಗಿತ್ತು. ಫ್ರಾಂಕ್‌ಫರ್ಡ್ ಜಂಕ್ಷನ್‌ನಲ್ಲಿ ಅಚ್ಚು ಮುರಿದು ರೈಲು ಹಳಿ ತಪ್ಪಿತು. 79 ಜನ ಸತ್ತರು.

ಇದೇ ಹೊತ್ತಿನಲ್ಲಿ ನಮ್ಮ ದೇಶದ ರೈಲ್ವೆಗೆ ಏನಾಗುತ್ತಿತ್ತು ಅಂತ ಕೇಳಬೇಕು ಅನ್ನಿಸುತ್ತದೆ. ಅಮೆರಿಕದಲ್ಲಿ ಇದ್ದದ್ದನ್ನು ಉಳಿಸಿಕೊಂಡು ಹೆಚ್ಚು ದುಡಿಸಿದರು. ಇಲ್ಲಿಂದ ಇಂಜಿನ್, ವ್ಯಾಗನ್, ಹಳಿ ಹಡಗು ಹತ್ತಿ ಮಧ್ಯಪ್ರಾಚ್ಯದ ಯುದ್ಧಭೂಮಿಗೆ ಹೋದವು. ಕೆಲವು ಕಡೆ ಓಡುತ್ತಿದ್ದ ಲೈನನ್ನೇ ಕಿತ್ತರು. ತಮಿಳುನಾಡಿನ ಮಧುರೈ–ಬೋಡಿನಾಯಕ್ಕನೂರು, ಕೇರಳದ ಶೋರನೂರು–ನಿಲಂಬೂರು ಲೈನುಗಳು ಹಾಗೆ ಹೋಗಿ ಸ್ವಾತಂತ್ರ್ಯ ಬಂದ ಎಷ್ಟೋ ವರ್ಷದ ಮೇಲೆ ಮತ್ತೆ ಬಂದವು. ಅಸ್ಸಾಂ ಕಡೆ ಚೀನಾಕ್ಕೆ ಸರಕು ಕಳಿಸುವ ಮೀಟರ್ ಗೇಜ್ ಲೈನು ಉಸಿರುಕಟ್ಟಿದಾಗ, 1944ರ ಮಾರ್ಚ್ 1ರಿಂದ ಸುಮಾರು 1,300 ಕಿಲೋಮೀಟರ್ ಲೈನನ್ನು ಅಮೆರಿಕದ ಸೈನ್ಯದ ರೈಲ್ವೆ ತುಕಡಿಗಳೇ ನಡೆಸಿದವು. ತಮ್ಮ ದೇಶದಲ್ಲಿ ರೈಲ್ವೆ ಕೆಲಸ ಮಾಡುತ್ತಿದ್ದವರೇ ಆ ತುಕಡಿಗಳಲ್ಲಿ ಬಹಳ ಜನ ಇದ್ದರು.

ಮತ್ತೆ ಅಮೆರಿಕಕ್ಕೆ. ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ. ರೈಲಿನವರಿಗೆ ಮಾತ್ರ ನಿಜವಾದ ಒತ್ತಡ ಶುರುವಾದದ್ದೇ ಆಮೇಲೆ. ಅಲ್ಲಿಯವರೆಗೆ ಸೈನಿಕರು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಹೋಗಿದ್ದರು, ಈಗ ಎಲ್ಲರೂ ಒಟ್ಟಿಗೆ ಬರುತ್ತಿದ್ದಾರೆ. ಪೂರ್ವದ ಬಂದರಿನಲ್ಲಿ ಇಳಿದು, ಊರಿಗೆ ಹೋಗಿ, ಅಲ್ಲಿಂದ ಇಡೀ ದೇಶ ದಾಟಿ ಪಶ್ಚಿಮಕ್ಕೆ ಹೋಗಿ ಜಪಾನ್ ಕಡೆ ಹಡಗು ಹತ್ತಬೇಕು. ಜುಲೈ 15ರಿಂದ 450 ಮೈಲಿ, ಅಂದರೆ ಸುಮಾರು 720 ಕಿಲೋಮೀಟರ್‌ಗಿಂತ ಕಮ್ಮಿ ದೂರದ ಪ್ರಯಾಣಕ್ಕೆ ಜನರಿಗೆ ಸ್ಲೀಪರ್ ಬೋಗಿಯೇ ಇಲ್ಲ ಅಂತ ಆದೇಶ ಬಂತು. ಇದು ಬೆಂಗಳೂರಿನಿಂದ ಹೈದರಾಬಾದ್‌ಗೆ ರಾತ್ರಿಯೆಲ್ಲ ಕೂತೇ ಹೋಗಿ ಅಂದ ಹಾಗೆ.

ಒಂದು ತಿಂಗಳಿಗೆ ಜಪಾನ್ ಶರಣಾಯಿತು. ಪೆಟ್ರೋಲ್ ರೇಷನ್ ಆಗಸ್ಟ್ 15ಕ್ಕೇ ಹೋಯಿತು. ರೈಲಿನ ನೂಕುನುಗ್ಗಲು ಹೋಗಲಿಲ್ಲ. ಆ ವರ್ಷದ ಕ್ರಿಸ್ಮಸ್‌ಗೆ ಮನೆ ಸೇರಬೇಕು ಅಂತ ಹಡಗಿನಿಂದ ಇಳಿದ ಸಾವಿರಾರು ಹುಡುಗರು ರೈಲು ಸಿಗದೆ ಪಶ್ಚಿಮ ಕರಾವಳಿಯ ಬಂದರು ಊರುಗಳಲ್ಲೇ ಹಬ್ಬ ಕಳೆದರು.

ಆಮೇಲೆ ಇಳಿಕೆ ಎಷ್ಟು ಬೇಗ ಆಯಿತು ಅಂದರೆ, 1950ಕ್ಕೆ ಪ್ರಯಾಣಿಕ-ಮೈಲಿ ಸುಮಾರು 3,200 ಕೋಟಿಗೆ ಬಂದಿತ್ತು, ಅಂದರೆ 1944ರ ಮೂರನೇ ಒಂದು ಭಾಗ. ಟೈರು ಸಿಕ್ಕಿತು, ಪೆಟ್ರೋಲ್ ಸಿಕ್ಕಿತು, ಹೊಸ ಕಾರು ಬಂತು. ಯುದ್ಧದಲ್ಲಿ ಕಂಡ ಜನಸಾಗರ ಮತ್ತೆ ಬರುತ್ತದೆ ಅಂತ ನಂಬಿದ ರೈಲ್ವೆ ಕಂಪನಿಗಳು ಹೊಳೆಯುವ ಹೊಸ ಬೋಗಿಗಳಿಗೆ ಆರ್ಡರ್ ಕೊಟ್ಟವು, ಅವು ಬರುವ ಹೊತ್ತಿಗೆ ಜನ ಹೊರಟುಹೋಗಿದ್ದರು. ಆ 2,400 ಸೈನಿಕ ಬೋಗಿಗಳನ್ನು ಸರ್ಕಾರ ಮಾರಿತು. ಮೊದಲೇ ಗೂಡ್ಸ್ ವ್ಯಾಗನ್ ಆಕಾರದವು, ಮಂಚ ಕಿತ್ತು ಪಾರ್ಸೆಲ್ ಸಾಗಿಸಲು, ರೈಲ್ವೆ ಕೆಲಸಗಾರರು ಮಲಗಲು ಬಳಸಿದರು. ಕೆಲವು ಈಗಲೂ ಅಲ್ಲಿನ ರೈಲ್ವೆ ಮ್ಯೂಸಿಯಂಗಳಲ್ಲಿವೆ.